16 ಎಂಬಿ ಫ್ಲ್ಯಾಶ್‌ನಲ್ಲಿ ಲಿನಕ್ಸ್: ಇಮೇಜ್‌ನ ತೂಕ ಎಲ್ಲಿ ಕೂತಿರುತ್ತದೆ, ಹೇಗೆ ಇಳಿಯುತ್ತದೆ

ಸಣ್ಣ ಸಾಧನಗಳಿಗೆ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್ ಓಡಿ ಮುಗಿದಿದೆ. ಫ್ಲ್ಯಾಶ್‌ಗೆ ಬರೆಯಬೇಕಾದ ಇಮೇಜ್ 11 ಎಂಬಿ ಬಂದಿದೆ, ಇರುವ ಜಾಗ 7 ಎಂಬಿ. ಹೆಚ್ಚಿನವರು ಆಗ ಮೊದಲು ಕೈಹಾಕುವುದು ಕಂಪ್ರೆಷನ್‌ಗೆ. ಜಿಜಿಪ್ ಇದ್ದದ್ದನ್ನು ಎಕ್ಸ್‌ಜಡ್ ಮಾಡುತ್ತಾರೆ, ಬ್ಲಾಕ್ ಸೈಜ್ ಏರಿಸುತ್ತಾರೆ, ಅದೂ ಸಾಲದಾದಾಗ ಕರ್ನಲ್ ಕಾನ್ಫಿಗ್ ತೆರೆದು ಕಣ್ಣಿಗೆ ಕಂಡದ್ದನ್ನೆಲ್ಲ ಆಫ್ ಮಾಡತೊಡಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಕ್ರಮವೇ ತಲೆಕೆಳಗು. ಮೊದಲು ಅಳೆಯಬೇಕು, ಆಮೇಲೆ ಬೇಡದ್ದನ್ನು ಬೇರುಸಮೇತ ತೆಗೆಯಬೇಕು, ಹಿಂಡುವ ಕೆಲಸ ಕೊನೆಗೆ. ಒಳಗೆ ಸೇರಿಸದೇ ಇದ್ದ ಲೈಬ್ರರಿಯಷ್ಟು ಚಿಕ್ಕದಾಗಿ ಯಾವ ಕಂಪ್ರೆಸರ್ ಕೂಡ ಒಂದು ಲೈಬ್ರರಿಯನ್ನು ಮಾಡಲಾರದು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ನಿರ್ದಿಷ್ಟ ಬೋರ್ಡ್ ಇಟ್ಟುಕೊಳ್ಳೋಣ. ಆಲ್‌ವಿನ್ನರ್ ವಿ3ಎಸ್‌ನಂಥ ಒಂದೇ ಕೋರ್‌ನ ಕಾರ್ಟೆಕ್ಸ್-ಎ7 ಚಿಪ್, ಅದರೊಳಗೇ 64 ಎಂಬಿ ರ‍್ಯಾಮ್, ಹೊರಗೆ 16 ಎಂಬಿ ಎಸ್‌ಪಿಐ ನಾರ್ ಫ್ಲ್ಯಾಶ್. ಡೇಟಾಶೀಟ್‌ನಲ್ಲಿ ‘128’ ಎಂದಿರುವುದು ಮೆಗಾಬಿಟ್. ಎಂಟರಿಂದ ಭಾಗಿಸಿದರೆ 16 ಮೆಗಾಬೈಟ್.

ಹಾಸಿಗೆ ಎಷ್ಟಿದೆ ನೋಡೋಣ

16 ಎಂಬಿ ಎಂದರೆ 16,384 ಕೆಬಿ. ಕರ್ನಲ್ ಅನ್ನು ಎಬ್ಬಿಸುವ ಬೂಟ್‌ಲೋಡರ್ ಆದ ಯು-ಬೂಟ್‌ಗೆ 512 ಕೆಬಿ. ಅದರ ಸೆಟ್ಟಿಂಗ್ಸ್ ಇರುವ ಎನ್ವಿರಾನ್‌ಮೆಂಟ್‌ಗೆ 64 ಕೆಬಿಯ ಎರಡು ಪ್ರತಿ, ಒಟ್ಟು 128 ಕೆಬಿ. ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಇನ್ನೊಂದು ಪ್ರತಿ ಉಳಿದಿರಬೇಕಲ್ಲ. ದೂರದಿಂದ ಅಪ್‌ಡೇಟ್ ಮಾಡುವ ಸಾಧನವಾದರೆ ಒಂದು ಓಡುತ್ತಿರುವಾಗ ಹೊಸದನ್ನು ಇನ್ನೊಂದಕ್ಕೆ ಬರೆಯಲು ಎ, ಬಿ ಎಂದು ಎರಡು ಸ್ಲಾಟ್ ಬೇಕೇಬೇಕು. ಒಂದೊಂದಕ್ಕೆ 7,168 ಕೆಬಿ ಕೊಟ್ಟರೆ ಎರಡಕ್ಕೂ ಸೇರಿ 14,336. ಉಳಿಯುವುದು 1,408 ಕೆಬಿ, ಅಂದರೆ 64 ಕೆಬಿಯ 22 ಇರೇಸ್ ಬ್ಲಾಕ್ (ಫ್ಲ್ಯಾಶ್‌ನಲ್ಲಿ ಒಂದು ಸಲಕ್ಕೆ ಅಳಿಸುವ ತುಂಡು). ಸೆಟ್ಟಿಂಗ್ಸ್, ಲಾಗ್, ಕೀಗಳೆಲ್ಲ ಅಲ್ಲೇ ಇರಬೇಕು. ಒಂದು ಸ್ಲಾಟ್‌ನಲ್ಲಿ ಕರ್ನಲ್ ಮತ್ತು ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಡಿವೈಸ್ ಟ್ರೀಗೆ 2,048 ಕೆಬಿ ತೆಗೆದಿಟ್ಟರೆ ರೂಟ್ ಫೈಲ್ ಸಿಸ್ಟಮ್‌ಗೆ ಸಿಗುವುದು 5,120 ಕೆಬಿ. 16 ಎಂಬಿ ಇದೆಯಲ್ಲ ಎಂದು ಹೊರಟವರಿಗೆ ಕೈಗೆ ಬರುವುದು ಐದೇ ಎಂಬಿ.

32 ಎಂಬಿ ಚಿಪ್ ಹಾಕಿದರೆ ಮುಗಿಯಿತಲ್ಲ ಎಂಬ ಪ್ರಶ್ನೆ ಸಹಜ. ಬೆಲೆಯ ಲೆಕ್ಕ ಬದಿಗಿರಲಿ, ಇಲ್ಲಿ ತಾಂತ್ರಿಕವಾದ ಒಂದು ಹೊಂಡ ಇದೆ. ಎಸ್‌ಪಿಐ ನಾರ್‌ನ ಹಳೆಯ ಕಮಾಂಡುಗಳಲ್ಲಿ ವಿಳಾಸಕ್ಕೆ ಮೂರು ಬೈಟ್, ಅಂದರೆ 24 ಬಿಟ್. ಅದರಿಂದ ಮುಟ್ಟಬಹುದಾದದ್ದು ಸರಿಯಾಗಿ 16 ಎಂಬಿ. ಅದಕ್ಕಿಂತ ದೊಡ್ಡ ಚಿಪ್ ಇದ್ದರೆ ಕರ್ನಲ್ ಅದನ್ನು ನಾಲ್ಕು ಬೈಟ್ ವಿಳಾಸದ ಮೋಡ್‌ಗೆ ತಿರುಗಿಸಬಹುದು. ಆಮೇಲೆ, ಸಿಸ್ಟಮ್ ನಿಂತುಹೋದಾಗ ರೀಸೆಟ್ ಮಾಡುವ ವಾಚ್‌ಡಾಗ್ ಹೊಡೆದು ಪ್ರೊಸೆಸರ್ ಮಾತ್ರ ರೀಸೆಟ್ ಆಯಿತು ಎಂದುಕೊಳ್ಳಿ. ಫ್ಲ್ಯಾಶ್‌ಗೆ ಪವರ್ ಹೋಗಿಲ್ಲ, ಅದು ನಾಲ್ಕು ಬೈಟ್ ಮೋಡ್‌ನಲ್ಲೇ ಕಾಯುತ್ತಿದೆ. ಬೂಟ್ ರಾಮ್ ಮೂರು ಬೈಟ್ ಕಳಿಸುತ್ತದೆ, ಕಸ ಓದುತ್ತದೆ, ಬೋರ್ಡ್ ನಿಂತೇ ಹೋಗುತ್ತದೆ. ಪ್ಲಗ್ ಕಿತ್ತು ಹಾಕಿದರೆ ಸರಿಯಾಗುತ್ತದೆ, ಆದ್ದರಿಂದ ಮೇಜಿನ ಮೇಲೆ ಪರೀಕ್ಷಿಸುವಾಗ ಈ ದೋಷ ಕಾಣುವುದೇ ಇಲ್ಲ. ಕಂಬದ ಮೇಲೆ ಕೂರಿಸಿದ ಮೇಲೆ ಕಾಣುತ್ತದೆ. ಫ್ಲ್ಯಾಶ್‌ನ ರೀಸೆಟ್ ಪಿನ್ ಅನ್ನು ಬೋರ್ಡ್‌ನ ರೀಸೆಟ್ ಲೈನ್‌ಗೆ ಜೋಡಿಸಿದ್ದರೆ ಅಥವಾ ಮೋಡ್ ಬದಲಿಸದೆ ನಾಲ್ಕು ಬೈಟ್ ವಿಳಾಸ ತೆಗೆದುಕೊಳ್ಳುವ ಪ್ರತ್ಯೇಕ ಕಮಾಂಡುಗಳು ಚಿಪ್‌ನಲ್ಲಿ ಪೂರ್ತಿಯಾಗಿ ಇದ್ದರೆ ಭಯವಿಲ್ಲ. ಇವೆರಡೂ ಇಲ್ಲದ ಬೋರ್ಡ್‌ನಲ್ಲಿ 16 ಎಂಬಿ ಒಳಗೇ ಬದುಕುವುದು ಲೇಸು.

ಅಳತೆ

ಬಿಲ್ಡ್‌ರೂಟ್‌ನಲ್ಲಿ ‘ಮೇಕ್ ಗ್ರಾಫ್-ಸೈಜ್’ ಎಂದರೆ ಯಾವ ಪ್ಯಾಕೇಜ್ ಎಷ್ಟು ಜಾಗ ತಿಂದಿದೆ ಎಂಬ ಚಿತ್ರ ಬರುತ್ತದೆ. ಜೊತೆಗೆ ಫೈಲ್‌ವಾರು ಮತ್ತು ಪ್ಯಾಕೇಜ್‌ವಾರು ಲೆಕ್ಕದ ಎರಡು ಸಿಎಸ್‌ವಿ ಫೈಲುಗಳು ಸಿಗುತ್ತವೆ. ಬಿಲ್ಡ್‌ರೂಟ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಯೋಕ್ಟೋದಲ್ಲಿ ‘ಬಿಲ್ಡ್‌ಹಿಸ್ಟರಿ’ ಕ್ಲಾಸ್ ಆನ್ ಮಾಡಿದರೆ ಇದೇ ಮಾಹಿತಿ ಬಿಲ್ಡ್‌ನಿಂದ ಬಿಲ್ಡ್‌ಗೆ ದಾಖಲಾಗುತ್ತ ಹೋಗುತ್ತದೆ.

ಆದರೆ ಬಿಲ್ಡ್‌ರೂಟ್‌ನ ಈ ಚಿತ್ರ ತೋರಿಸುವುದು ಕಂಪ್ರೆಸ್ ಆಗುವ ಮುಂಚಿನ ಗಾತ್ರವನ್ನು. ಫ್ಲ್ಯಾಶ್‌ನಲ್ಲಿ ಕೂರುವುದು ಕಂಪ್ರೆಸ್ ಆದದ್ದು. ಇವೆರಡರ ಅನುಪಾತ ಫೈಲ್‌ನಿಂದ ಫೈಲ್‌ಗೆ ಬೇರೆ. ಟೆಕ್ಸ್ಟ್ ಫೈಲುಗಳು, ಜಾವಾಸ್ಕ್ರಿಪ್ಟ್, ಟೈಮ್‌ಜೋನ್ ಪಟ್ಟಿ ಇವೆಲ್ಲ ಹತ್ತಿಯಂತೆ ಅಮುಕಿಕೊಳ್ಳುತ್ತವೆ. ಮಷೀನ್ ಕೋಡ್ ಅಷ್ಟಾಗಿ ಅಮುಕಿಕೊಳ್ಳುವುದಿಲ್ಲ. ಪಿಎನ್‌ಜಿ, ಜೆಪೆಗ್, ಮೊದಲೇ ಕಂಪ್ರೆಸ್ ಆದ ಫರ್ಮ್‌ವೇರ್ ಬ್ಲಾಬ್‌ಗಳು ಕಲ್ಲು; ಒಂದಿಷ್ಟೂ ಕುಗ್ಗವು. ಚಿತ್ರದಲ್ಲಿ ದೊಡ್ಡದಾಗಿ ಕಾಣುವ 1 ಎಂಬಿ ಟೆಕ್ಸ್ಟ್‌ಗಿಂತ ಮೂಲೆಯಲ್ಲಿರುವ 400 ಕೆಬಿ ಪಿಎನ್‌ಜಿಯೇ ನಿಜವಾದ ಹೊರೆ ಆಗಿರುವುದುಂಟು.

ಹಾಗಾಗಿ ಒಂದು ಫೈಲ್‌ನ ನಿಜ ಬೆಲೆ ತಿಳಿಯಲು ಅದನ್ನು ಬಿಟ್ಟು ಇಮೇಜ್ ಕಟ್ಟಿ ನೋಡಬೇಕು. ಬಿಲ್ಡ್‌ರೂಟ್‌ನ ‘ಔಟ್‌ಪುಟ್’ ಒಳಗಿನ ‘ಟಾರ್ಗೆಟ್’ ಫೋಲ್ಡರ್ ಮೇಲೆ ನೇರವಾಗಿ ‘ಎಂಕೆಸ್ಕ್ವಾಶ್‌ಎಫ್‌ಎಸ್’ ಓಡಿಸಿ. ಕಂಪ್ರೆಸ್ ಆದ, ಓದಲು ಮಾತ್ರವಾದ ಸ್ಕ್ವಾಶ್‌ಎಫ್‌ಎಸ್ ಫೈಲ್ ಸಿಸ್ಟಮ್ ಕಟ್ಟುವುದು ಅದೇ. ನಿಮ್ಮ ಉತ್ಪನ್ನದಲ್ಲಿ ಬಳಸುವ ಕಂಪ್ರೆಷನ್, ಬ್ಲಾಕ್ ಸೈಜ್‌ಗಳನ್ನೇ ಕೊಡಿ. ಮೊದಲು ಎಲ್ಲವನ್ನೂ ಸೇರಿಸಿ ಒಂದು ಸಲ, ನಂತರ ‘-ಇ’ ಆಯ್ಕೆಯಲ್ಲಿ ಅನುಮಾನದ ಫೈಲ್‌ನ ಹೆಸರು ಕೊಟ್ಟು ಇನ್ನೊಂದು ಸಲ. ಎರಡರ ವ್ಯತ್ಯಾಸವೇ ಆ ಫೈಲ್‌ನ ಬೆಲೆ. ‘-ನೋಪ್ಯಾಡ್’ ಸೇರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಇಮೇಜ್ 4 ಕೆಬಿಗೆ ದುಂಡಾಗಿ, ಸಣ್ಣ ಫೈಲುಗಳ ವ್ಯತ್ಯಾಸ ಸೊನ್ನೆ ಎಂದು ಕಾಣಬಹುದು. ಸಂಶಯವಿರುವ ಇಪ್ಪತ್ತು ಫೈಲುಗಳಿಗೆ ಹೀಗೆ ಮಾಡುವ ಒಂದು ಶೆಲ್ ಲೂಪ್ ಬರೆದರೆ ಎಲ್ಲಿ ಕತ್ತರಿ ಆಡಿಸಬೇಕೆಂಬುದು ಬರೆದಿಟ್ಟಂತೆ ತಿಳಿಯುತ್ತದೆ.

ಅಳತೆ ಕೆಡುವುದಕ್ಕೆ ಇನ್ನೊಂದು ಕಾರಣ: ಬಿಲ್ಡ್‌ರೂಟ್‌ನ ಮೆನುವಿನಲ್ಲಿ ಪ್ಯಾಕೇಜ್ ಒಂದರ ಗುರುತು ತೆಗೆದು ಮತ್ತೆ ‘ಮೇಕ್’ ಕೊಟ್ಟರೆ ಅದರ ಫೈಲುಗಳು ಟಾರ್ಗೆಟ್ ಫೋಲ್ಡರ್‌ನಿಂದ ಹೋಗುವುದಿಲ್ಲ. ಇದು ದೋಷವಲ್ಲ, ಆ ವ್ಯವಸ್ಥೆ ಇರುವುದೇ ಹಾಗೆ. ಪ್ಯಾಕೇಜ್ ತೆಗೆದುಹಾಕುವ ಸೌಲಭ್ಯ ಅದರಲ್ಲಿಲ್ಲ. ‘ಮೇಕ್ ಕ್ಲೀನ್’ ಮಾಡಿ ಪೂರ್ತಿ ಕಟ್ಟಬೇಕು. ಪೈಥಾನ್ ತೆಗೆದರೂ ಗಾತ್ರ ಇಳಿಯಲಿಲ್ಲವಲ್ಲ ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಬಹುಪಾಲು ಇದೇ. ಯೋಕ್ಟೋ ಬಳಸುವವರು ಬೇರೊಂದನ್ನು ನೋಡಬೇಕು: ಎಕ್ಸ್‌ಟಿ4 ಇಮೇಜ್ ಕಟ್ಟುವಾಗ ‘ಇಮೇಜ್ ಓವರ್‌ಹೆಡ್ ಫ್ಯಾಕ್ಟರ್’ ಎಂಬುದು ಸುಮ್ಮನಿದ್ದರೆ 1.3 ಆಗಿರುತ್ತದೆ. ಅಂದರೆ ಫೈಲುಗಳ ಗಾತ್ರದ ಮೇಲೆ ಶೇ. 30 ಖಾಲಿ ಜಾಗ. ಓದಲು ಮಾತ್ರವಾದ ರೂಟ್ ಇಟ್ಟುಕೊಂಡವರಿಗೆ ಅದರ ಅಗತ್ಯವಿಲ್ಲ.

ತೆಗೆಯುವುದು

ದೊಡ್ಡ ಉಳಿತಾಯ ಇರುವುದು ಇಲ್ಲಿ.

ನೆಟ್‌ವರ್ಕ್ ಮಾತುಕತೆಯನ್ನು ಗುಪ್ತಗೊಳಿಸುವ ಟಿಎಲ್‌ಎಸ್‌ನಿಂದ ಶುರು ಮಾಡೋಣ. ಓಪನ್‌ಎಸ್‌ಎಸ್‌ಎಲ್ 3 ಸರಣಿಯ ಲಿಬ್‌ಕ್ರಿಪ್ಟೋ ಒಂದೇ ಬಿಚ್ಚಿದ ಸ್ಥಿತಿಯಲ್ಲಿ ಕೆಲವು ಎಂಬಿ ತೂಗುತ್ತದೆ. ಅದೇ ಕೆಲಸ ಮಾಡುವ ಎಂಬೆಡ್‌ಟಿಎಲ್‌ಎಸ್ ಕೆಲವು ನೂರು ಕೆಬಿ. ಸರ್ವರ್‌ಗೆ ಒಂದು ಎಚ್‌ಟಿಟಿಪಿಎಸ್ ಕರೆ ಮಾಡುವುದಷ್ಟೇ ಕೆಲಸವಾದರೆ ಓಪನ್‌ಎಸ್‌ಎಸ್‌ಎಲ್ ಮೂಗಿಗಿಂತ ಭಾರದ ಮೂಗುತಿ. ಅಂಥ ಕರೆ ಮಾಡುವ ಲೈಬ್ರರಿಯಾದ ಲಿಬ್‌ಕರ್ಲ್‌ಗೆ ಎಂಬೆಡ್‌ಟಿಎಲ್‌ಎಸ್ ಬಳಸು ಎಂದು ಬಿಲ್ಡ್‌ರೂಟ್ ಮೆನುವಿನಲ್ಲೇ ಹೇಳಬಹುದು. ರೌಟರ್‌ಗಳ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಕೂಡ 23.05 ಆವೃತ್ತಿಯಿಂದ ಎಂಬೆಡ್‌ಟಿಎಲ್‌ಎಸ್ ಅನ್ನೇ ಮೂಲ ಆಯ್ಕೆ ಮಾಡಿಕೊಂಡಿದೆ. ಆದರೆ ಬದಲಿಸುವ ಮೊದಲು ಇನ್ಯಾರು ಓಪನ್‌ಎಸ್‌ಎಸ್‌ಎಲ್ ಕೇಳುತ್ತಿದ್ದಾರೆ ನೋಡಿ. ಸಾಧನಗಳು ಸಂದೇಶ ಕಳಿಸುವ ಪದ್ಧತಿಯಾದ ಎಂಕ್ಯೂಟಿಟಿಗಾಗಿ ಮಾಸ್ಕಿಟೋ ಹಾಕಿದ್ದರೆ ಅದರ ಟಿಎಲ್‌ಎಸ್‌ಗೆ ಓಪನ್‌ಎಸ್‌ಎಸ್‌ಎಲ್ಲೇ ಬೇಕು. ಆಗ ಕರ್ಲ್‌ಗೆ ಒಂದು, ಮಾಸ್ಕಿಟೋಗೆ ಇನ್ನೊಂದು ಎಂದು ಎರಡೂ ಒಳಗೆ ಬಂದು ಕೂರುತ್ತವೆ. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಅದು. ಒಂದನ್ನೇ ಆರಿಸಿ. ಓಪನ್‌ಎಸ್‌ಎಸ್‌ಎಲ್ ಉಳಿಯಲೇಬೇಕಾದರೆ ಅದರ ಕಮಾಂಡ್ ಲೈನ್ ಪ್ರೋಗ್ರಾಮ್ ಬಿಡಿ, ಬಳಸದ ಸೈಫರ್‌ಗಳನ್ನು ಮೆನುವಿನಲ್ಲೇ ಒಂದೊಂದಾಗಿ ಆಫ್ ಮಾಡಿ.

ಒಂದು ಲೈಬ್ರರಿಯನ್ನು ಯಾರು ಎಳೆದು ತಂದರು ಎಂದು ತಿಳಿಯಲು ಬಿಲ್ಡ್‌ರೂಟ್‌ನಲ್ಲಿ ಪ್ಯಾಕೇಜ್ ಹೆಸರಿನ ಕೊನೆಗೆ ‘-ಗ್ರಾಫ್-ಆರ್‌ಡಿಪೆಂಡ್ಸ್’ ಸೇರಿಸಿ ‘ಮೇಕ್’ ಕೊಟ್ಟರೆ ಸಾಕು. ಇದು ಬಿಲ್ಡ್ ಹೊತ್ತಿನ ಸಂಬಂಧ. ಓಡುವ ಹೊತ್ತಿನ ಸಂಬಂಧ ಬೇಕಾದರೆ ‘ರೀಡ್‌ಎಲ್ಫ್ -ಡಿ’ ಕೊಟ್ಟು ‘ನೀಡೆಡ್’ ಸಾಲುಗಳನ್ನು ಓದಿ. ಎಲ್ಲ ಪ್ರೋಗ್ರಾಮ್‌ಗಳ ನೀಡೆಡ್ ಸಾಲುಗಳನ್ನು ಒಟ್ಟು ಮಾಡಿ, ಯಾರೂ ಕೇಳದ ಲೈಬ್ರರಿಗಳ ಪಟ್ಟಿ ತೆಗೆಯಿರಿ. ಆ ಪಟ್ಟಿಯಲ್ಲಿರುವುದನ್ನೆಲ್ಲ ಕಣ್ಣುಮುಚ್ಚಿ ಅಳಿಸುವಂತಿಲ್ಲ. ‘ಡಿಎಲ್‌ಓಪನ್’ ಮೂಲಕ ತೆರೆಯುವ ಪ್ಲಗಿನ್‌ಗಳು ನೀಡೆಡ್‌ನಲ್ಲಿ ಕಾಣುವುದಿಲ್ಲ.

ವೈಫೈ ಫರ್ಮ್‌ವೇರ್ ಇನ್ನೊಂದು ದೊಡ್ಡ ಗಂಟು. ಲಿನಕ್ಸ್-ಫರ್ಮ್‌ವೇರ್ ಸಂಗ್ರಹ ಪೂರ್ತಿಯಾಗಿ ನೂರಾರು ಎಂಬಿ ಇದೆ. ಬಿಲ್ಡ್‌ರೂಟ್‌ನಲ್ಲಿ ಒಂದು ಕುಟುಂಬ ಆರಿಸಿದರೂ ಆ ಕುಟುಂಬದ ಎಲ್ಲ ಚಿಪ್‌ಗಳ ಫೈಲುಗಳೂ ಬರುತ್ತವೆ. ಬೋರ್ಡ್ ಬೂಟ್ ಮಾಡಿ, ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಡ್ರೈವರ್ ನಿಜವಾಗಿ ಯಾವ ಫೈಲ್ ಕೇಳಿತು ಎಂದು ನೋಡಿ, ಅದೊಂದನ್ನು ಉಳಿಸಿ ಮಿಕ್ಕದ್ದನ್ನು ಪೋಸ್ಟ್-ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ತೆಗೆಯಿರಿ. ಈ ಸ್ಕ್ರಿಪ್ಟ್‌ನಲ್ಲಿ ‘ಆರ್‌ಎಂ’ ಹಾಕುವುದು ನಮಗೆ ಸಮ್ಮತವಾದ ಕೆಲವೇ ಜಾಗಗಳಲ್ಲಿ ಇದೊಂದು. ಲೈಬ್ರರಿಗಳನ್ನು ಹಾಗೆ ಅಳಿಸುವುದು ಬೇಡ. ಮೆನುವಿನಲ್ಲಿ ಆನ್ ಇದ್ದು ಇಮೇಜ್‌ನಲ್ಲಿ ಇಲ್ಲದ ಲೈಬ್ರರಿ ಮುಂದಿನ ಆವೃತ್ತಿಗೆ ಏರುವಾಗ ಯಾರಿಗಾದರೂ ಕಾಲಿಗೆ ತೊಡರುತ್ತದೆ.

ಟೈಮ್‌ಜೋನ್ ವಿಷಯದಲ್ಲಿ ನಮ್ಮ ದೇಶಕ್ಕೆ ಮಾರುವ ಸಾಧನಗಳಿಗೆ ಸುಲಭದ ದಾರಿ ಇದೆ. ಭಾರತದಲ್ಲಿ ಬೇಸಿಗೆ ಸಮಯ ಎಂಬ ಬದಲಾವಣೆ ಇಲ್ಲ, ಇಡೀ ದೇಶಕ್ಕೆ ಒಂದೇ ಗಡಿಯಾರ. ಹಾಗಾಗಿ ಟೈಮ್‌ಜೋನ್ ದತ್ತಾಂಶದ ಪ್ಯಾಕೇಜನ್ನೇ ಬಿಟ್ಟು, ‘ಟಿಜಡ್’ ವೇರಿಯಬಲ್‌ನಲ್ಲಿ ‘ಐಎಸ್‌ಟಿ-5:30’ ಎಂದು ಬರೆದರೆ ಕೆಲಸ ಮುಗಿಯಿತು. ಚಿಹ್ನೆ ಮೈನಸ್ ಇರುವುದು ಸರಿಯೇ. ಪೋಸಿಕ್ಸ್ ಪದ್ಧತಿಯಲ್ಲಿ ಗ್ರೀನಿಚ್‌ನ ಪೂರ್ವಕ್ಕೆ ಮೈನಸ್. ಪ್ಲಸ್ ಹಾಕಿದರೆ ಗಡಿಯಾರ ಹನ್ನೊಂದು ಗಂಟೆ ಹಿಂದೆ ಓಡುತ್ತದೆ.

ಇನ್ನುಳಿದ ಸಣ್ಣಪುಟ್ಟವನ್ನು ಬೇಗ ಮುಗಿಸೋಣ. ಬೂಟ್ ಆದಾಗ ಮೊದಲು ಓಡುವ ಇನಿಟ್‌ಗೆ, ಹಲವು ಕಮಾಂಡುಗಳನ್ನು ಒಂದೇ ಬೈನರಿಯಲ್ಲಿ ಇಡುವ ಬಿಜಿಬಾಕ್ಸ್‌ನದೇ ಸಾಕು, ಸಿಸ್ಟಮ್‌ಡಿ ಇಷ್ಟು ಜಾಗದಲ್ಲಿ ಹಿಡಿಸುವ ಮಾತಲ್ಲ. ಬಿಜಿಬಾಕ್ಸ್‌ನಲ್ಲಿ ಇರುವ ಕಮಾಂಡ್‌ಗೆ ಪ್ರತ್ಯೇಕ ಪ್ಯಾಕೇಜ್ ಹಾಕಬೇಡಿ. ಬಿಜಿಬಾಕ್ಸ್‌ನ ಕಮಾಂಡುಗಳನ್ನು ಒಂದೊಂದಾಗಿ ಕಿತ್ತು 40 ಕೆಬಿ ಉಳಿಸುವುದು ಮಾತ್ರ ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಫೀಲ್ಡ್‌ನಲ್ಲಿ ದೋಷ ಹುಡುಕುವಾಗ ಬೇಕಾಗುವುದು ಆ ಕಮಾಂಡುಗಳೇ. ಪೈಥಾನ್ ಬೇಕೇಬೇಕೆಂದರೆ ಸೋರ್ಸ್ ಬಿಟ್ಟು ಕಂಪೈಲ್ ಆದ ‘.ಪಿವೈಸಿ’ ಮಾತ್ರ ಇಡುವ ಆಯ್ಕೆ ಇದೆ. ಆದರೂ 5 ಎಂಬಿಯಲ್ಲಿ ಪೈಥಾನ್ ಇಟ್ಟರೆ ಬೇರೆಯದಕ್ಕೆ ಜಾಗ ಉಳಿಯುವುದು ಕಷ್ಟ, ಲುವಾಗೆ ಬರೆದುಕೊಳ್ಳುವುದೇ ವಾಸಿ. ರಸ್ಟ್‌ನಲ್ಲಿ ಬರೆದ ಪ್ರೋಗ್ರಾಮ್ ಇದ್ದರೆ ರಿಲೀಸ್ ಪ್ರೊಫೈಲ್‌ನಲ್ಲಿ ಆಪ್ಟ್-ಲೆವೆಲ್ ‘ಜಡ್’, ಎಲ್‌ಟಿಓ ಆನ್, ಕೋಡ್‌ಜೆನ್ ಯೂನಿಟ್ 1, ಪ್ಯಾನಿಕ್ ‘ಅಬಾರ್ಟ್’, ಸ್ಟ್ರಿಪ್ ಆನ್. ಗೋ ಪ್ರೋಗ್ರಾಮ್‌ಗಳು ತಮ್ಮ ರನ್‌ಟೈಮ್ ಅನ್ನು ಹೊತ್ತುಕೊಂಡೇ ಬರುತ್ತವೆ. ಒಂದಿದ್ದರೆ ಸಹಿಸಬಹುದು, ನಾಲ್ಕಿದ್ದರೆ ನಾಲ್ಕನ್ನೂ ಒಂದೇ ಬೈನರಿ ಮಾಡಿ, ಕರೆದ ಹೆಸರು ನೋಡಿ ಕೆಲಸ ಬದಲಿಸುವಂತೆ ಬರೆಯಿರಿ. ಬಿಜಿಬಾಕ್ಸ್ ಮಾಡುವುದೂ ಇದನ್ನೇ.

ಸಿ ಲೈಬ್ರರಿ

ಮಾಮೂಲಿ ಸಿ ಲೈಬ್ರರಿಯಾದ ಜಿಲಿಬ್‌ಸಿ ಬಿಟ್ಟು ಚಿಕ್ಕದಾದ ಮಸ್ಲ್‌ಗೆ ಹೋದರೆ ಲೈಬ್ರರಿಯಲ್ಲಿ ಒಂದು ಎಂಬಿಗೂ ಮಿಕ್ಕಿ ಇಳಿಯುತ್ತದೆ. ಹೋಗುವ ಮುನ್ನ ಮೊದಲ ಪ್ರಶ್ನೆ: ಚಿಪ್ ತಯಾರಕರು ಕೊಟ್ಟ, ಸೋರ್ಸ್ ಇಲ್ಲದ ಲೈಬ್ರರಿ ಏನಾದರೂ ಇದೆಯೇ? ಕ್ಯಾಮೆರಾ, ವಿಡಿಯೋ ಎನ್‌ಕೋಡರ್‌ಗಳಿಗೆ ಸಾಮಾನ್ಯವಾಗಿ ಇರುತ್ತದೆ. ಅದು ಯಾವ ಸಿ ಲೈಬ್ರರಿಗೆ ಕಟ್ಟಿದ್ದೋ ನೀವೂ ಅದನ್ನೇ ಬಳಸಬೇಕು, ಚರ್ಚೆ ಅಲ್ಲಿಗೇ ಮುಗಿಯಿತು.

ಅಂಥದ್ದು ಇಲ್ಲವಾದರೆ ಮಸ್ಲ್ ಒಳ್ಳೆಯದು. ಆದರೆ ಕೆಲವು ನಡವಳಿಕೆ ಬೇರೆ. ಥ್ರೆಡ್‌ನ ಸ್ಟ್ಯಾಕ್ ಗಾತ್ರ ಎಲ್ಲಕ್ಕಿಂತ ಹೆಚ್ಚು ಜನರನ್ನು ಬೀಳಿಸುತ್ತದೆ. ಜಿಲಿಬ್‌ಸಿಯಲ್ಲಿ ಸಾಮಾನ್ಯವಾಗಿ 8 ಎಂಬಿ, ಮಸ್ಲ್‌ನಲ್ಲಿ 1.1.21 ಆವೃತ್ತಿಯಿಂದ ಈಚೆಗೆ 128 ಕೆಬಿ. ಥ್ರೆಡ್‌ನೊಳಗಿನ ಫಂಕ್ಷನ್‌ನಲ್ಲಿ 200 ಕೆಬಿಯ ಲೋಕಲ್ ಅರೇ ಇದ್ದರೆ ಜಿಲಿಬ್‌ಸಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ಓಡಿದ ಪ್ರೋಗ್ರಾಮ್ ಇಲ್ಲಿ ಸೆಗ್‌ಫಾಲ್ಟ್ ಆಗುತ್ತದೆ. ಆ ಥ್ರೆಡ್‌ಗೆ ‘ಪಿಥ್ರೆಡ್ ಆಟ್ರ್ ಸೆಟ್‌ಸ್ಟ್ಯಾಕ್‌ಸೈಜ್’ ಕೊಡಿ, ಅಥವಾ ಲಿಂಕರ್‌ಗೆ ‘-ಜಡ್ ಸ್ಟ್ಯಾಕ್-ಸೈಜ್’ ಮೂಲಕ 1 ಎಂಬಿ ಹೇಳಿ; ಮಸ್ಲ್ ಅದನ್ನು ಗೌರವಿಸುತ್ತದೆ. ಹೆಸರು ಹುಡುಕುವ ಡಿಎನ್‌ಎಸ್ ಕೆಲಸದಲ್ಲೂ ವ್ಯತ್ಯಾಸವಿದೆ: ಪಟ್ಟಿಯಲ್ಲಿರುವ ಎಲ್ಲ ನೇಮ್‌ಸರ್ವರ್‌ಗಳನ್ನೂ ಮಸ್ಲ್ ಒಟ್ಟಿಗೇ ಕೇಳಿ ಮೊದಲು ಬಂದ ಉತ್ತರ ತೆಗೆದುಕೊಳ್ಳುತ್ತದೆ. ಆಫೀಸಿನ ಒಳಗಿನ ಹೆಸರುಗಳಿಗೆ ಒಂದು ಸರ್ವರ್, ಹೊರಗಿನದಕ್ಕೆ ಇನ್ನೊಂದು ಎಂಬ ಏರ್ಪಾಡು ಇದ್ದಲ್ಲಿ ಇದು ಕೈಕೊಡುತ್ತದೆ. ಉತ್ತರ ದೊಡ್ಡದಾದಾಗ ಟಿಸಿಪಿಗೆ ಹೋಗುವ ಸೌಲಭ್ಯ 1.2.4ರಲ್ಲಿ ಬಂತು, ಅದಕ್ಕಿಂತ ಹಳೆಯದನ್ನು ಇಟ್ಟುಕೊಳ್ಳಬೇಡಿ.

ಕಂಪೈಲರ್, ಲಿಂಕರ್

ಎಆರ್‌ಎಂ 32 ಬಿಟ್‌ನಲ್ಲಿ ತಪ್ಪಿಸಿಕೊಳ್ಳಬಾರದ ಆಯ್ಕೆ ಥಂಬ್-2. 16 ಬಿಟ್ ಮತ್ತು 32 ಬಿಟ್ ಸೂಚನೆಗಳನ್ನು ಬೆರೆಸಿ ಬಳಸುವುದರಿಂದ ಕೋಡ್ ಗಣನೀಯವಾಗಿ ಕಿರಿದಾಗುತ್ತದೆ, ವೇಗದಲ್ಲಿ ಹೇಳಿಕೊಳ್ಳುವ ನಷ್ಟವಿಲ್ಲ. ಬಿಲ್ಡ್‌ರೂಟ್‌ನ ಟಾರ್ಗೆಟ್ ಮೆನುವಿನಲ್ಲಿ ಒಂದೇ ಗುರುತು. ಕರ್ನಲ್‌ಗೆ ಪ್ರತ್ಯೇಕ ಆಯ್ಕೆ ಇದೆ.

ಆಪ್ಟಿಮೈಸೇಷನ್ ಗಾತ್ರ ಇಳಿಸುವ ‘-ಓಎಸ್’ ಇರಲಿ. ಆಡಿಯೋ ಅಥವಾ ಚಿತ್ರದ ಗಣಿತ ಮಾಡುವ ಒಂದು ಪ್ಯಾಕೇಜ್ ನಿಧಾನವಾಯಿತು ಎನಿಸಿದರೆ ಅದಕ್ಕೆ ಮಾತ್ರ ‘-ಓ2’ ಕೊಡಿ. ಬಳಸದ ಕೋಡ್ ಅನ್ನು ಲಿಂಕರ್ ಎಸೆಯಲೆಂದು ನಿಮ್ಮದೇ ಪ್ರೋಗ್ರಾಮ್‌ಗೆ ‘-ಎಫ್‌ಫಂಕ್ಷನ್-ಸೆಕ್ಷನ್ಸ್’, ‘-ಎಫ್‌ಡೇಟಾ-ಸೆಕ್ಷನ್ಸ್’ ಹಾಕಿ ಲಿಂಕರ್‌ಗೆ ‘--ಜಿಸಿ-ಸೆಕ್ಷನ್ಸ್’ ಕೊಡಿ. ಮೂರೂ ಸೇರಿದರೇ ಫಲ. ಲಿಂಕರ್‌ನದು ಒಂದೇ ಕೊಟ್ಟರೆ ಒಂದು ಆಬ್ಜೆಕ್ಟ್ ಫೈಲ್‌ನ ಕೋಡ್ ಎಲ್ಲ ಒಂದೇ ಸೆಕ್ಷನ್‌ನಲ್ಲಿ ಇರುವುದರಿಂದ ಒಂದು ಫಂಕ್ಷನ್ ಬಳಕೆಯಲ್ಲಿದ್ದರೆ ಎಲ್ಲವೂ ಉಳಿಯುತ್ತವೆ. ಇದರ ಅಪಾಯ ಎಲ್ಲಿ ಎಂದರೆ, ಹೆಸರು ಹಿಡಿದು ಯಾರೂ ಕರೆಯದ, ವಿಶೇಷ ಸೆಕ್ಷನ್‌ನಲ್ಲಿ ಪಟ್ಟಿಯಾಗಿ ಕೂತ ದತ್ತಾಂಶ. ಸ್ವಂತ ಲಿಂಕರ್ ಸ್ಕ್ರಿಪ್ಟ್ ಇದ್ದರೆ ಅಂಥ ಸೆಕ್ಷನ್‌ಗೆ ‘ಕೀಪ್’ ಬರೆಯಬೇಕು, ಇಲ್ಲದಿದ್ದರೆ ಬಿಲ್ಡ್ ಸರಿಯಾಗಿ ಆಗಿ ಓಡುವಾಗ ಪಟ್ಟಿ ಖಾಲಿ ಇರುತ್ತದೆ. ಲಿಂಕರ್ ಏನೇನು ಎಸೆಯಿತು ಎಂಬುದನ್ನು ‘--ಪ್ರಿಂಟ್-ಜಿಸಿ-ಸೆಕ್ಷನ್ಸ್’ ಸಾಲುಸಾಲಾಗಿ ಹೇಳುತ್ತದೆ. ಒಮ್ಮೆ ಓದಿ ನೋಡಿ.

ಬೈನರಿಯಿಂದ ಸ್ಟ್ರಿಪ್ ಮಾಡಿ ತೆಗೆದ ಸಿಂಬಲ್‌ಗಳನ್ನು (ಫಂಕ್ಷನ್, ವೇರಿಯಬಲ್‌ಗಳ ಹೆಸರು) ಎಸೆಯಬೇಡಿ. ಪ್ರತಿ ರಿಲೀಸ್‌ನ ಸ್ಟ್ರಿಪ್ ಆಗದ ಬೈನರಿ, ಕರ್ನಲ್‌ನ ‘ವಿಎಂಲಿನಕ್ಸ್’ ಎರಡನ್ನೂ ಬಿಲ್ಡ್ ಐಡಿ ಸಮೇತ ಸರ್ವರ್‌ನಲ್ಲಿ ಇಡಿ. ಆರು ತಿಂಗಳ ಮೇಲೆ ಬರುವ ಕ್ರ್ಯಾಶ್ ಲಾಗ್‌ನ ವಿಳಾಸಗಳಿಗೆ ಅರ್ಥ ಬರುವುದು ಅವು ಇದ್ದರೆ ಮಾತ್ರ.

ಕರ್ನಲ್

‘ಮಲ್ಟಿ ವಿ7’ ಎಂಬ ಡೆಫ್‌ಕಾನ್ಫಿಗ್‌ನಿಂದ (ಕರ್ನಲ್ ಜೊತೆಗೇ ಬರುವ ಸಿದ್ಧ ಕಾನ್ಫಿಗ್) ಹೊರಟವರು ಜಗತ್ತಿನ ಎಲ್ಲ ಎಆರ್‌ಎಂ ಚಿಪ್‌ಗಳನ್ನೂ ಹೊತ್ತಿರುತ್ತಾರೆ. ನಿಮ್ಮ ಚಿಪ್ ಕುಟುಂಬದ ಡೆಫ್‌ಕಾನ್ಫಿಗ್‌ನಿಂದ ಹೊರಡಿ. ಅತಿ ಚಿಕ್ಕದಾದ ‘ಟೈನಿಕಾನ್ಫಿಗ್’ನಿಂದ ಮೇಲಕ್ಕೆ ಕಟ್ಟುವುದು ಶುದ್ಧವಾದ ದಾರಿ, ಆದರೆ ಸೀರಿಯಲ್ ಕನ್ಸೋಲ್ ಬರುವ ತನಕ ಕತ್ತಲಲ್ಲಿ ನಡೆಯಬೇಕು.

ಕರ್ನಲ್ ಮರದ ಬುಡದಲ್ಲಿ ಪ್ರತಿ ಫೋಲ್ಡರ್‌ನ ‘ಬಿಲ್ಟ್-ಇನ್.ಎ’ ಮೇಲೆ ‘ಸೈಜ್ -ಟಿ’ ಓಡಿಸಿದರೆ ತೂಕ ಎಲ್ಲಿದೆ ಎಂದು ತಿಳಿಯುತ್ತದೆ. ಡ್ರೈವರ್ಸ್, ನೆಟ್, ಎಫ್‌ಎಸ್ ಈ ಮೂರರಲ್ಲೇ ಬಹುಪಾಲು. ಬೋರ್ಡ್‌ನಲ್ಲಿ ಇಲ್ಲದ ಬಸ್, ಬಳಸದ ಫೈಲ್ ಸಿಸ್ಟಮ್, ಬಳಸದ ನೆಟ್‌ಫಿಲ್ಟರ್ ಭಾಗಗಳು, ಎಫ್‌ಟ್ರೇಸ್, ಪ್ರೊಫೈಲಿಂಗ್, ಕಾನ್ಫಿಗ್ ಫೈಲನ್ನೇ ಕರ್ನಲ್ ಒಳಗೆ ಇಡುವ ‘ಐಕೆಕಾನ್ಫಿಗ್’ ಇವು ಹೋಗಲಿ. ಎರಡು ಬಿಲ್ಡ್‌ಗಳ ನಡುವೆ ಯಾವ ಫಂಕ್ಷನ್ ಎಷ್ಟು ಬೆಳೆಯಿತು ಎಂಬುದಕ್ಕೆ ಕರ್ನಲ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲೇ ‘ಬ್ಲೋಟ್-ಓ-ಮೀಟರ್’ ಇದೆ. ಹೊರಗಿನ ಮಾಡ್ಯೂಲ್ ಯಾವುದೂ ಇಲ್ಲದಿದ್ದರೆ ಬಳಸದ ಎಕ್ಸ್‌ಪೋರ್ಟ್ ಸಿಂಬಲ್‌ಗಳನ್ನು ಕತ್ತರಿಸುವ ‘ಟ್ರಿಮ್ ಅನ್‌ಯೂಸ್ಡ್ ಕೆಸಿಮ್ಸ್’ ಆನ್ ಮಾಡಿ. ಹೊರಗಿನ ವೈಫೈ ಡ್ರೈವರ್ ಇದ್ದರೆ ಅದು ಲೋಡ್ ಆಗುವಾಗ ಸಿಂಬಲ್ ಸಿಗದೆ ನಿಲ್ಲುತ್ತದೆ.

‘ಪ್ರಿಂಟ್‌ಕೆ’ ಆಫ್ ಮಾಡಿದರೆ ಚೆನ್ನಾಗಿಯೇ ಇಳಿಯುತ್ತದೆ, ಎಲ್ಲ ಸಂದೇಶಗಳ ಅಕ್ಷರಗಳೂ ಹೋಗುತ್ತವಲ್ಲ. ಆದರೂ ಮಾಡಬೇಡಿ. ಮೂಕ ಕರ್ನಲ್‌ನಲ್ಲಿ ಫ್ಲ್ಯಾಶ್ ಕೆಟ್ಟಿದೆಯೋ ಡ್ರೈವರ್ ಕೆಟ್ಟಿದೆಯೋ ಹೇಳುವವರೇ ಇಲ್ಲ. ಫಂಕ್ಷನ್ ಹೆಸರುಗಳ ಪಟ್ಟಿಯನ್ನು ಕರ್ನಲ್ ಒಳಗೆ ಇಡುವ ‘ಕಾಲ್‌ಸಿಮ್ಸ್’ ಆಫ್ ಮಾಡುವುದು ಬೇರೆ ಮಾತು. ವಿಎಂಲಿನಕ್ಸ್ ಜೋಪಾನವಾಗಿ ಇಟ್ಟಿದ್ದರೆ ವಿಳಾಸಗಳನ್ನು ಆಮೇಲೆ ಬಿಡಿಸಿಕೊಳ್ಳಬಹುದು.

32 ಬಿಟ್ ಎಆರ್‌ಎಂನ ‘ಜಡ್‌ಇಮೇಜ್’ ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತದೆ, ಎಕ್ಸ್‌ಜಡ್ ಆರಿಸಿದರಾಯಿತು. 64 ಬಿಟ್‌ನ ಮಾಮೂಲಿ ‘ಇಮೇಜ್’ ಫೈಲ್‌ಗೆ ಆ ಶಕ್ತಿ ಇಲ್ಲ, ಯು-ಬೂಟ್ ಬಿಚ್ಚಿ ಕೊಡಬೇಕು. ಆಗ ಬಿಚ್ಚಿದ ಗಾತ್ರ ಯು-ಬೂಟ್‌ನ ‘ಸಿಸ್ ಬೂಟ್‌ಎಂ ಲೆನ್’ ಮಿತಿ ಮೀರಿದರೆ ಬೂಟ್ ಅಲ್ಲೇ ನಿಲ್ಲುತ್ತದೆ. ಯು-ಬೂಟೇ 512 ಕೆಬಿ ಮೀರುತ್ತಿದ್ದರೆ ಮೊದಲು ‘ಇಎಫ್‌ಐ ಲೋಡರ್’ ಆಫ್ ಮಾಡಿ. ಎಆರ್‌ಎಂ ಬೋರ್ಡುಗಳಲ್ಲಿ ಅದು ಕೇಳದೆಯೇ ಆನ್ ಇರುತ್ತದೆ.

ಈಗ ಹಿಂಡುವುದು

ರೂಟ್‌ಗೆ ಸ್ಕ್ವಾಶ್‌ಎಫ್‌ಎಸ್, ಎಕ್ಸ್‌ಜಡ್. ಬ್ಲಾಕ್ ಸೈಜ್ ಹೇಳದಿದ್ದರೆ 128 ಕೆಬಿ, ಗರಿಷ್ಠ 1 ಎಂಬಿ. ಬ್ಲಾಕ್ ಹಿಗ್ಗಿದಷ್ಟೂ ಇಮೇಜ್ ಕುಗ್ಗುತ್ತದೆ. ಆದರೆ ಒಂದು ಪುಟ ಓದಬೇಕಾದರೂ ಇಡೀ ಬ್ಲಾಕ್ ಬಿಚ್ಚಬೇಕು. 64 ಎಂಬಿ ರ‍್ಯಾಮ್‌ನಲ್ಲಿ ಮೆಮೊರಿ ಬಿಗಿಯಾದಾಗ ಕರ್ನಲ್ ಪ್ರೋಗ್ರಾಮ್‌ನ ಪುಟಗಳನ್ನು ಎಸೆದು ಮತ್ತೆ ಓದುತ್ತಿರುತ್ತದೆ. ಪ್ರತಿ ಸಲವೂ 1 ಎಂಬಿ ಬಿಚ್ಚುವ ಕೆಲಸ ಬಿದ್ದರೆ ಬೋರ್ಡ್ ತೆವಳುತ್ತದೆ. 256 ಕೆಬಿ ನಮ್ಮ ಆಯ್ಕೆ. ಜಾಗ ಮಿಕ್ಕಿದ್ದರೆ ಝಡ್‌ಎಸ್‌ಟಿಡಿ ತೆಗೆದುಕೊಳ್ಳಿ. ಇಮೇಜ್ ಸ್ವಲ್ಪ ಹಿಗ್ಗಿದರೂ ಬಿಚ್ಚುವ ವೇಗ ಎಕ್ಸ್‌ಜಡ್‌ಗಿಂತ ಎಷ್ಟೋ ಪಾಲು ಹೆಚ್ಚು.

ಎಕ್ಸ್‌ಜಡ್‌ಗೆ ‘ಬಿಸಿಜೆ’ ಎಂಬ ಫಿಲ್ಟರ್ ಇದೆ. ಮಷೀನ್ ಕೋಡ್‌ನಲ್ಲಿ ಒಂದೇ ಫಂಕ್ಷನ್‌ಗೆ ಹೋಗುವ ಕರೆಗಳು ಪ್ರತಿ ಜಾಗದಲ್ಲೂ ಬೇರೆಬೇರೆ ದೂರವಾಗಿ ಬರೆದಿರುತ್ತವೆ. ಈ ಫಿಲ್ಟರ್ ಅವನ್ನು ಒಂದೇ ವಿಳಾಸಕ್ಕೆ ತಿರುಗಿಸುವುದರಿಂದ ಪುನರಾವರ್ತನೆ ಕಂಡು ಕಂಪ್ರೆಷನ್ ಸುಧಾರಿಸುತ್ತದೆ. ಗಮನ ಇರಬೇಕಾದದ್ದು ಇಲ್ಲಿ: ಥಂಬ್-2 ಕೋಡ್‌ಗೆ ‘ಎಆರ್‌ಎಂ’ ಫಿಲ್ಟರ್ ಕೊಟ್ಟರೆ ಪ್ರಯೋಜನವಿಲ್ಲ, ‘ಎಆರ್‌ಎಂಥಂಬ್’ ಕೊಡಬೇಕು. ‘-ಎಕ್ಸ್‌ಬಿಸಿಜೆ’ ನಂತರ ಎರಡನ್ನೂ ಅಲ್ಪವಿರಾಮ ಹಾಕಿ ಬರೆದರೆ ಪ್ರತಿ ಬ್ಲಾಕ್‌ಗೂ ಎರಡನ್ನೂ ಪ್ರಯತ್ನಿಸಿ ಚಿಕ್ಕದನ್ನು ಇಟ್ಟುಕೊಳ್ಳುತ್ತದೆ. ಅದೇ ಫಿಲ್ಟರ್ ಕರ್ನಲ್‌ನ ಎಕ್ಸ್‌ಜಡ್ ಡಿಕೋಡರ್‌ನಲ್ಲೂ ಆನ್ ಇರಬೇಕು. ಕರ್ನಲ್ ಸಣ್ಣ ಮಾಡುವ ಉತ್ಸಾಹದಲ್ಲಿ ಅದನ್ನು ಆಫ್ ಮಾಡಿದ್ದರೆ ‘ಎಕ್ಸ್‌ಜಡ್ ಡಿಕಂಪ್ರೆಷನ್ ಫೇಲ್ಡ್, ಡೇಟಾ ಪ್ರಾಬಬ್ಲಿ ಕರಪ್ಟ್’ ಎಂಬ ಸಂದೇಶ ಬರುತ್ತದೆ. ಅದನ್ನು ನಂಬಿ ಫ್ಲ್ಯಾಶ್ ಚಿಪ್ ಬದಲಿಸಲು ಹೊರಡಬೇಡಿ. ಡೇಟಾ ನೆಟ್ಟಗಿದೆ, ಫಿಲ್ಟರ್ ಇಲ್ಲ ಅಷ್ಟೇ.

ಯುಪಿಎಕ್ಸ್‌ನಿಂದ ಪ್ರೋಗ್ರಾಮ್ ಹಿಂಡಿ ಸ್ಕ್ವಾಶ್‌ಎಫ್‌ಎಸ್ ಒಳಗೆ ಇಡುವವರಿದ್ದಾರೆ. ಬೇಡ. ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಂಡಿದರೆ ಜಾಗವೇನೂ ಉಳಿತಾಯವಾಗದು. ಮೇಲಾಗಿ ಓಡುವಾಗ ಇಡೀ ಪ್ರೋಗ್ರಾಮ್ ರ‍್ಯಾಮ್‌ನಲ್ಲಿ ಬಿಚ್ಚಿಕೊಳ್ಳುತ್ತದೆ, ಬೇಕಾದಾಗ ಎಸೆದು ಮತ್ತೆ ಫ್ಲ್ಯಾಶ್‌ನಿಂದ ಓದಿಕೊಳ್ಳುವ ಅನುಕೂಲ ಕರ್ನಲ್‌ಗೆ ತಪ್ಪುತ್ತದೆ. ಕರ್ನಲ್‌ನೊಳಗೆ ಬೂಟ್ ಹೊತ್ತಿನ ಫೈಲ್ ಸಿಸ್ಟಮ್ ಆದ ಇನಿಟ್‌ರ‍್ಯಾಮ್‌ಎಫ್‌ಎಸ್ ಕಟ್ಟುವವರಿಗೂ ಇದೇ ಮಾತು: ಒಳಗಿನದನ್ನು ಕಂಪ್ರೆಸ್ ಮಾಡದೆ ಬಿಡಿ, ಹೊರಗಿನ ಎಕ್ಸ್‌ಜಡ್ ಒಟ್ಟಿಗೇ ಹಿಂಡಲಿ.

ಉಳಿದ 22 ಬ್ಲಾಕ್

ಸೆಟ್ಟಿಂಗ್ಸ್ ಭಾಗಕ್ಕೆ, ಫ್ಲ್ಯಾಶ್ ಮೇಲೆ ಬರೆಯಬಹುದಾದ ಫೈಲ್ ಸಿಸ್ಟಮ್ ಜೆಎಫ್‌ಎಫ್‌ಎಸ್2. ಅದು ತನ್ನ ಕಸ ಗುಡಿಸಲು ಸುಮಾರು ಐದು ಬ್ಲಾಕ್ ಕಾಯ್ದಿರಿಸುತ್ತದೆ, ಆದ್ದರಿಂದ 22ರಲ್ಲಿ ಕೈಗೆ ಬರುವುದು 17, ಅಂದರೆ 1,088 ಕೆಬಿ. ಕರ್ನಲ್‌ನಲ್ಲಿ ಎಸ್‌ಪಿಐ ನಾರ್‌ಗೆ ‘4ಕೆ ಸೆಕ್ಟರ್ಸ್’ ಆಯ್ಕೆ ತಾನಾಗಿಯೇ ಆನ್ ಇರುತ್ತದೆ. ಆಗ ಇರೇಸ್ ಬ್ಲಾಕ್ 64 ಕೆಬಿ ಬದಲು 4 ಕೆಬಿ ಎಂದು ಕಾಣಬಹುದು. ಜೆಎಫ್‌ಎಫ್‌ಎಸ್2ಗೆ ಕನಿಷ್ಠ 8 ಕೆಬಿ ಬೇಕು. ‘ಮ್ಯಾಜಿಕ್ ಬಿಟ್‌ಮಾಸ್ಕ್ 0x1985 ನಾಟ್ ಫೌಂಡ್’ ಎಂಬ ಸಾಲು ಮಳೆ ಸುರಿದಂತೆ ಬರತೊಡಗಿದರೆ ಇಮೇಜ್ ಕಟ್ಟಿದ ಬ್ಲಾಕ್ ಗಾತ್ರಕ್ಕೂ ಕರ್ನಲ್ ಕಾಣುತ್ತಿರುವುದಕ್ಕೂ ತಾಳೆ ಇದೆಯೇ ಎಂದು ಮೊದಲು ನೋಡಿ. ಆ ಆಯ್ಕೆ ಆಫ್ ಮಾಡಿದರೆ ಸರಿಹೋಗುತ್ತದೆ.

ಸ್ಕ್ವಾಶ್‌ಎಫ್‌ಎಸ್ ಮೇಲೆ ಬರೆಯಬಹುದಾದ ಪದರವಾಗಿ ಓವರ್‌ಲೇ ಹಾಸಿದ್ದರೆ ನೆನಪಿಡಿ, ಕೆಳಗಿನ ಸ್ಕ್ವಾಶ್‌ಎಫ್‌ಎಸ್‌ನ ಒಂದು ಫೈಲ್ ಅಳಿಸಿದರೆ ಜಾಗ ಬಿಡುಗಡೆಯಾಗುವುದಿಲ್ಲ. ಅಳಿಸಿದೆ ಎಂಬ ಗುರುತು ಮಾತ್ರ ಮೇಲಿನ ಪದರದಲ್ಲಿ ಬೀಳುತ್ತದೆ. ಒಳಗಿರುವ ಪ್ಯಾಕೇಜಿನ ಹೊಸ ಆವೃತ್ತಿಯನ್ನು ಮೇಲೆ ಹಾಕಿದರೆ ಎರಡೂ ಪ್ರತಿ ಫ್ಲ್ಯಾಶ್‌ನಲ್ಲಿ ಉಳಿಯುತ್ತವೆ. ಅಪ್‌ಡೇಟ್ ಮಾಡುವುದಿದ್ದರೆ ಇಡೀ ಸ್ಲಾಟ್ ಬದಲಿಸುವುದೇ ಸರಿ.

ಗಾತ್ರ ಇಳಿಸಿದ ಮೇಲೆ ಅದು ಮತ್ತೆ ಏರದಂತೆ ಕಾಯಬೇಕು. ಕರ್ನಲ್ ಆವೃತ್ತಿ ಏರಿದಂತೆಲ್ಲ ಅದೇ ಕಾನ್ಫಿಗ್‌ಗೂ ಇಮೇಜ್ ಬೆಳೆಯುತ್ತ ಹೋಗುತ್ತದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನ ರೌಟರ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿ 19.07ರ ನಂತರ ಅಧಿಕೃತ ಬಿಲ್ಡ್ ನಿಲ್ಲಿಸಬೇಕಾಗಿ ಬಂದದ್ದು ಈ ಬೆಳವಣಿಗೆಯಿಂದ. ಹಾಗಾಗಿ ಬಿಲ್ಡ್ ಸರ್ವರ್‌ನಲ್ಲಿ ರೂಟ್ ಇಮೇಜ್ 4,608 ಕೆಬಿ ಮೀರಿದರೆ ಬಿಲ್ಡ್ ವಿಫಲವಾಗಲಿ ಎಂದು ಒಂದು ಸಾಲು ಬರೆಯಿರಿ. ಅದು 72 ಬ್ಲಾಕ್. 80ರಲ್ಲಿ ಎಂಟು ಬ್ಲಾಕ್ ಮುಂದಿನ ಭದ್ರತಾ ಪ್ಯಾಚ್‌ಗಳಿಗೆ ಮೀಸಲು. ಹಿಂದಿನ ರಿಲೀಸ್‌ನ ಫೈಲ್‌ವಾರು ಸಿಎಸ್‌ವಿ ಜೊತೆಗೆ ಇಟ್ಟುಕೊಂಡು ಬಿಲ್ಡ್‌ರೂಟ್‌ನ ‘ಸೈಜ್-ಸ್ಟ್ಯಾಟ್ಸ್-ಕಂಪೇರ್’ ಓಡಿಸಿದರೆ ಮಿತಿ ಮೀರಿಸಿದ ಫೈಲ್ ಯಾವುದು ಎಂದು ಅದೇ ಬಿಲ್ಡ್‌ನ ಲಾಗ್‌ನಲ್ಲಿ ಸಿಗುತ್ತದೆ.